ಗುಂಡಿ ಒತ್ತದೆ ಎಳೆದರೆ

ಫೆಬ್ರವರಿ 4, ಭಾನುವಾರ

ಎಪ್ಪತ್ತೊಂದು ಸೆಕೆಂಡು. ದಾರಿಗಿಟ್ಟ ಐದು ಕೋನ್ ಬಿದ್ದವು. ಒಂದಕ್ಕೆ ಎರಡು ಸೆಕೆಂಡು ದಂಡ, ಒಟ್ಟು ಎಂಬತ್ತೊಂದು. ಹದಿನಾಲ್ಕು ಜನರಲ್ಲಿ ಹದಿನಾಲ್ಕನೆಯವಳು. ಸತತ ನಾಲ್ಕನೇ ಭಾನುವಾರ ಅದೇ ಸ್ಥಾನ. ಯಾರೂ ಕಿತ್ತುಕೊಳ್ಳುವ ಭಯವಿಲ್ಲ.

ಕೋನಪ್ಪ ಕಿಟಕಿಗೆ ಬಗ್ಗಿ ಕೇಳಿದರು, "ತಾಯೀ, ಆ ಕೋನ್ ನಿಮಗೇನು ಅನ್ಯಾಯ ಮಾಡಿತ್ತು? ಹುಡುಕ್ಕೊಂಡು ಹೋಗಿ ಗುದ್ದಿದ್ರಲ್ಲ!"

"ತಪ್ಪಿಸಬೇಕು ಅಂತ ಅದನ್ನೇ ನೋಡ್ತಾ ಇದ್ದೆ."

"ಅದೇ ತಪ್ಪು. ಕಣ್ಣು ಎಲ್ಲಿಗೆ ಹೋಗುತ್ತೋ ಕೈ ಅಲ್ಲಿಗೇ ಹೋಗುತ್ತೆ. ಕೋನ್ ನೋಡಬೇಡಿ. ಎರಡು ಕೋನಿನ ಮಧ್ಯೆ ಖಾಲಿ ಜಾಗ ಇದೆಯಲ್ಲ, ಅದನ್ನ ನೋಡಿ."

ಬಸ್ ಡಿಪೋದಲ್ಲಿ ಮೂವತ್ತು ವರ್ಷ ಚಾಲಕರಿಗೆ ತರಬೇತಿ ಕೊಟ್ಟವರು. ನಿವೃತ್ತಿಯ ಮೇಲೆ ಈ ಆಟೋಕ್ರಾಸ್ ಹುಚ್ಚು. ಮುಚ್ಚಿದ ಗೋದಾಮಿನ ಸಿಮೆಂಟ್ ಅಂಗಳದಲ್ಲಿ ಬೆಳಗ್ಗೆ ಆರಕ್ಕೇ ಬಂದು ಕೋನ್ ಜೋಡಿಸಿ ದಾರಿ ಮಾಡುತ್ತಾರೆ. ಕೋನಪ್ಪ ಎಂಬುದು ಅವರೇ ಇಟ್ಟುಕೊಂಡ ಹೆಸರು. "ಕೋಣ ಅಲ್ಲ, ಕೋನ. ನ-ಣ ಸರಿಯಾಗಿ ಹೇಳದವರಿಗೆ ಕಾರು ಮುಟ್ಟೋಕೆ ಬಿಡಲ್ಲ" ಎಂದು ಎಲ್ಲರಿಗೂ ಮೊದಲ ದಿನವೇ ಎಚ್ಚರಿಕೆ.

ಇಲ್ಲಿ ಒಬ್ಬೊಬ್ಬರೇ ಓಡಿಸುವುದು, ಗಡಿಯಾರದ ಎದುರು. ಪಕ್ಕದಲ್ಲಿ ಇನ್ನೊಂದು ಕಾರಿಲ್ಲ. ಯಾರಿಗೂ ಏನೂ ಆಗುವುದಿಲ್ಲ. ಅದಕ್ಕೇ ಒಪ್ಪಿಕೊಂಡೆ. ಕಾರು ಲ್ಯಾಬಿನ ಗೆಳತಿ ಸೆರಾಮಿಕ್ಕಿನದು.

ಮನೆಯಲ್ಲಿ ಹೇಳಿರುವುದು: ಸೆರಾಮಿಕ್ಕಿಗೆ ಟೈಮ್ ಬರೆದುಕೊಡಲು ಹೋಗುತ್ತೇನೆ. ಅರ್ಧ ನಿಜ. ಬರೆದುಕೊಡುತ್ತೇನೆ ಕೂಡ.

ಫೆಬ್ರವರಿ 6, ಮಂಗಳವಾರ

ಲ್ಯಾಬಿನಲ್ಲಿ ಮೂರು ಸೆಟ್ ಕಟ್ಟುಹಲ್ಲು ಮಾಡುವುದಿತ್ತು. ಮೇಣದಲ್ಲಿ ಹಲ್ಲು ಕೂರಿಸುತ್ತ ಎಡಗೈ ಒಂಬತ್ತು ಗಂಟೆ, ಬಲಗೈ ಮೂರು ಗಂಟೆ ಅಂತ ಮನಸ್ಸಿನಲ್ಲೇ ಸ್ಟೀರಿಂಗ್ ಹಿಡಿಯುತ್ತಿದ್ದೆ. ಪ್ಲಾಸ್ಟರ್ ಡಬ್ಬದ ಮುಚ್ಚಳ ಹಿಡಿದು ತಿರುಗಿಸಿದೆ. ಎದುರು ಮೇಜಿನ ಸೆರಾಮಿಕ್ಕು ಕಿಸಕ್ಕೆಂದಳು. ಹಲ್ಲಿಗೆ ಸೆರಾಮಿಕ್ ಕ್ಯಾಪ್ ಮಾಡುವುದು ಅವಳ ಕೆಲಸ, ಹೆಸರೂ ಅದೇ ಆಗಿಹೋಗಿದೆ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಧೈರ್ಯ ಮಾತ್ರ ಇಬ್ಬರಿಗಾಗುವಷ್ಟು.

"ಅಕ್ಕಾ, ಭುಜ ಬಿಡಿ. ಭುಜ ಕಿವಿಗೆ ಅಂಟಿಕೊಂಡಿದೆ."

ಹೌದು. ನಾಲ್ಕು ವರ್ಷದಿಂದ ಅಲ್ಲೇ ಅಂಟಿಕೊಂಡಿದೆ.

ಸಂಜೆ ಮಗಳನ್ನು ಟ್ಯೂಷನ್ನಿಂದ ಕರೆತರಬೇಕಿತ್ತು. ಇವರು ಲೈಬ್ರರಿ ಕೆಲಸ ಮುಗಿಸಿ ಬರುವುದು ತಡ. "ಆಟೋದಲ್ಲಿ ಬಂದು ಕರ್ಕೊಂಡು ಬರ್ತೀನಿ" ಎಂದೆ. ಫೋನಿನಲ್ಲಿ ಮಗಳು, "ಬೇಡ ಅಮ್ಮ, ಅಪ್ಪ ಕಾರ್ ತರ್ತಾರೆ, ಕಾಯ್ತೀನಿ." ಅಮ್ಮನೇ ಕಾರು ತರಬಹುದಲ್ಲ ಎಂಬ ಯೋಚನೆಯೇ ಅವಳಿಗಿಲ್ಲ. ಹದಿಮೂರು ವರ್ಷ. ಅಪಘಾತವಾದಾಗ ಒಂಬತ್ತು.

ಅದನ್ನು ಇಲ್ಲಿ ಒಮ್ಮೆಯೂ ಬರೆದಿಲ್ಲ. ಬರೆಯುತ್ತೇನೆ.

ಸೇತುವೆಗೆ ಮುಂಚಿನ ತಿರುವು. ತುಂತುರು. ನಾನು ಓಡಿಸುತ್ತಿದ್ದೆ, ಇವರು ಪಕ್ಕದಲ್ಲಿ, ಅತ್ತೆ ಹಿಂದೆ. ನಲವತ್ತರ ಮೇಲೆ ವೇಗವಿರಲಿಲ್ಲ. ಎದುರಿಗೆ ಲಾರಿ. ಕಾರು ಸ್ವಲ್ಪ ಹೊರಕ್ಕೆ ಸರಿಯಿತು. ಇವರು "ಏಯ್!" ಎಂದರು. ಆಮೇಲೆ ಕೆಳಗೆಲ್ಲೋ ಕರ್ ಎಂದು ಏನೋ ಮುರಿದ ಸದ್ದು. ಹಿಂಭಾಗ ಯಾರೋ ಹಿಡಿದು ಬೀಸಿದ ಹಾಗೆ ತಿರುಗಿತು. ಅತ್ತೆ ಕೂತಿದ್ದ ಕಡೆಯೇ ಹೋಗಿ ಸೇತುವೆ ಗೋಡೆಗೆ ಬಡಿಯಿತು.

ಅತ್ತೆಯ ಸೊಂಟದ ಮೂಳೆ ಚೂರಾಯಿತು. ಮೂರು ಆಪರೇಷನ್. ಈಗ ವಾಕರ್. ಹಾಸಿಗೆಯಿಂದ ಎಬ್ಬಿಸುವುದು, ಸ್ನಾನ, ಬಟ್ಟೆ, ಎಲ್ಲ ನನ್ನ ಕೈಯಿಂದ.

ಏನೋ ಮುರಿಯಿತು ಎಂದು ಎಲ್ಲರಿಗೂ ಹೇಳಿದೆ. ಮೆಕ್ಯಾನಿಕ್ ಕಾರಿನಡಿ ಮಲಗಿ ನೋಡಿ, ಏನೂ ಮುರಿದಿಲ್ಲ ಎಂದ. ಅಲ್ಲಿಗೆ ನನ್ನ ಮಾತು ನೆಪವಾಯಿತು. ಅತ್ತಿಗೆ, ಅಂದರೆ ಇವರ ಅಕ್ಕ, ಅವತ್ತಿನಿಂದ ನನ್ನ ಜೊತೆ ಮಾತಾಡುವುದಿಲ್ಲ. ವಾರಕ್ಕೊಮ್ಮೆ ತಾಯಿಗೆ ಫೋನ್ ಮಾಡುತ್ತಾಳೆ. ನಾನೇ ಎತ್ತಿದರೆ "ಅಮ್ಮನಿಗೆ ಕೊಡು" ಅಷ್ಟೇ.

ಇವರು ಮಾತ್ರ ಒಂದು ದಿನವೂ ಬೈದಿಲ್ಲ. "ಆಗಿದ್ದು ಆಗೋಯ್ತು ಬಿಡು. ನಾನೇನಾದ್ರೂ ಅಂದಿದೀನಾ?" ಆ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ.

ಫೆಬ್ರವರಿ 11, ಭಾನುವಾರ

ಅರವತ್ತನಾಲ್ಕು ಪಾಯಿಂಟ್ ಎಂಟು! ಒಂದೇ ಕೋನ್. ಹನ್ನೊಂದನೇ ಸ್ಥಾನ.

ಇವತ್ತಿನ ಪಾಠ ಬ್ರೇಕು. ನೇರವಾಗಿರುವಾಗಲೇ ಬ್ರೇಕು ಮುಗಿಸಬೇಕು. ಆಮೇಲೆ ತಿರುವು. ಆಮೇಲೆ ಆಕ್ಸಿಲರೇಟರು. ಮೂರನ್ನೂ ಒಟ್ಟಿಗೆ ಕೇಳಿದರೆ ಟೈರಿಗೆ ಕೈ ಸಾಲುವುದಿಲ್ಲ. ಕೋನಪ್ಪನ ಭಾಷೆಯಲ್ಲಿ: "ಟೈರಿಗೆ ಒಂದೇ ಹೊಟ್ಟೆ. ಬ್ರೇಕಿಗೆ ಪೂರ್ತಿ ತಿಂದುಬಿಟ್ರೆ ತಿರುಗೋಕೆ ಜಾಗ ಎಲ್ಲಿ?"

ಕೊನೆಯ ತಿರುವಿಗೆ ಜೋರಾಗಿ ಹೋದೆ. ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗಲಿಲ್ಲ. ಮೂಗು ನೇರ ಹೊರಕ್ಕೆ ಜಾರಿತು. ನಾನು ಇನ್ನೂ ಜಾಸ್ತಿ ತಿರುಗಿಸಿದೆ. ಇನ್ನೂ ಜಾರಿತು.

ಅಭ್ಯಾಸಕ್ಕೆಂದು ಪಕ್ಕದಲ್ಲಿ ಕೂತಿದ್ದ ಕೋನಪ್ಪ, "ಕಾಲು ಸ್ವಲ್ಪ ಎತ್ತಿ. ಸ್ಟೀರಿಂಗ್ ಸ್ವಲ್ಪ ವಾಪಸ್ ಬಿಡಿ. ಹಾಂ… ಹಿಡ್ಕೊಂಡಿತಲ್ಲ?"

ಹಿಡಿದುಕೊಂಡಿತು. ಬಿಟ್ಟರೆ ಹಿಡಿಯುತ್ತದೆ! ಈ ಒಂದು ಮಾತು ಮೊದಲೇ ಗೊತ್ತಿದ್ದರೆ… ಸಾಕು.

"ಇಂಥ ಕಾರು ತಪ್ಪು ಮಾಡಿದ್ರೆ ಮೂಗಿನಿಂದ ಮಾಡುತ್ತೆ. ಎಳೆಯೋದು ಮುಂದಿನ ಚಕ್ರ, ಭಾರ ಇರೋದೂ ಮುಂದೆ. ಬಾಲದಿಂದ ತಪ್ಪು ಮಾಡಲ್ಲ" ಎಂದರು ಕೋನಪ್ಪ.

ತಲೆಯಾಡಿಸಿ ಇಳಿದೆ. ಮನೆಗೆ ಬರುವ ದಾರಿಯಲ್ಲಿ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ. ನನ್ನದು ಬಾಲದಿಂದಲೇ ಹೋಯಿತಲ್ಲ. ಆ ಕಾರೂ ಇದೇ ಮಾಡೆಲ್. ಬಣ್ಣ ಮಾತ್ರ ಬೇರೆ.

ಫೆಬ್ರವರಿ 18, ಭಾನುವಾರ, ಮಧ್ಯಾಹ್ನ 3

ಬಟ್ಟೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ. 

ಬೆಳಗ್ಗೆ ಮಳೆ ಬಂದು ಅಂಗಳ ಒದ್ದೆ. ಅರ್ಧ ಜನ ಬಂದಿರಲಿಲ್ಲ. ಕೋನಪ್ಪನಿಗೆ ಹಬ್ಬ. "ಒದ್ದೆ ನೆಲವೇ ಒಳ್ಳೇ ಮೇಷ್ಟ್ರು" ಎಂದರು. ಪಕ್ಕದ ಸೀಟಿನಲ್ಲಿ ಕೂತರು.

ನಾನೇ ಕೇಳಿದೆ. "ಈ ಕಾರಿನ ಬಾಲ ಜಾರಿಸಿ ತೋರಿಸ್ತೀರಾ?"

"ಯಾಕೆ?"

"ಜಾರಿದಾಗ ಏನು ಮಾಡಬೇಕು ಅಂತ ಕಲೀಬೇಕು."

"ನೀವೇ ಜಾರಿಸಿ ನೋಡಿ, ತಾಯಿ."

ಒದ್ದೆ ಸಿಮೆಂಟಿನ ಮೇಲೆ ನಲವತ್ತರಲ್ಲಿ ತಿರುಗಿಸಿದೆ. ಮೂಗು ಹೋಯಿತು. ಬ್ರೇಕು ಒತ್ತಿ ತಿರುಗಿಸಿದೆ. ಮೂಗು. ನಡುವೆ ಕಾಲು ತೆಗೆದೆ. ಹಿಂಭಾಗ ಸ್ವಲ್ಪ ಹಗುರಾದ ಹಾಗೆ ಅನಿಸಿತು, ಅಷ್ಟೇ. ಹನ್ನೊಂದು ಸಲ. ಹನ್ನೊಂದು ಸಲವೂ ಬಾಲ ತೆಪ್ಪಗೆ ಹಿಂದೆ ಹಿಂದೆ ಬಂತು.

"ತೀರಾ ಜೋರಿದ್ದು, ಟೈರು ಸವೆದಿದ್ದು, ತಿರುವಿನ ಮಧ್ಯೆ ಗಾಬರಿಯಿಂದ ಕಾಲು ತೆಗೆದ್ರೆ ಹೋಗಬಹುದು. ನಲವತ್ತರಲ್ಲಿ ಹೋಗಲ್ಲ. ಬಾಲ ಬೇಕೇ ಬೇಕು ಅಂದ್ರೆ ಒಂದೇ ದಾರಿ. ನೀವು ತಿರುಗಿಸಿ, ನಾನು ಎಳೀತೀನಿ."

ತಿರುಗಿಸಿದೆ. ಅವರು ಸೀಟುಗಳ ನಡುವಿನ, ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವ ಹ್ಯಾಂಡ್‌ಬ್ರೇಕ್ ಎಳೆದರು.

ಅದೇ.

ಅದೇ, ಅದೇ, ಅದೇ. ಬೆನ್ನ ಹಿಂದಿನಿಂದ ನೆಲವನ್ನೇ ಕಸಿದುಕೊಂಡ ಹಾಗೆ. ಎದುರಿನ ಗೋದಾಮು ಕಿಟಕಿಯಲ್ಲಿ ಅಡ್ಡಡ್ಡ ಓಡಿತು.  ನಾಲ್ಕು ವರ್ಷ ನಿದ್ದೆಯಲ್ಲಿ ನನ್ನ ಮೈ ಎಷ್ಟು ಸಲ ಹೀಗೆ ತಿರುಗಿಲ್ಲ! ಮೈಗೆ ಗುರುತು ಸಿಕ್ಕಿತು, ತಲೆಗಿಂತ ಮೊದಲೇ.

ಕಾರು ನಿಂತ ಮೇಲೆ ಬಾಗಿಲು ತೆರೆದು ಒದ್ದೆ ಸಿಮೆಂಟಿನ ಮೇಲೇ ಕೂತುಬಿಟ್ಟೆ. ಸೆರಾಮಿಕ್ಕು ಓಡಿಬಂದಳು. ಕೋನಪ್ಪ ಗಾಬರಿ. "ಏನಾಯ್ತು ತಾಯಿ? ಪೆಟ್ಟಾಯ್ತಾ?"

ಇಲ್ಲ ಎಂದೆ. ಆದರೆ ಆ ಸದ್ದಿರಲಿಲ್ಲ. ತಿರುಗಿದ್ದು ಅದೇ, ಆದರೆ ಕರ್ ಎಂಬ ಸದ್ದು ಬರಲಿಲ್ಲ. ಆ ಒಂದು ಕಡ್ಡಿಯನ್ನು ಹಿಡಿದುಕೊಂಡು ಮನೆಗೆ ಬಂದಿದ್ದೇನೆ. ಸದ್ದು ಬರಲಿಲ್ಲ, ಹಾಗಾದರೆ ಅವತ್ತಿನದು ಹ್ಯಾಂಡ್‌ಬ್ರೇಕ್ ಅಲ್ಲ. ಇವರು ಅಂಥವರಲ್ಲ.

ಇವರು ಈಗ ಪಕ್ಕದ ಕೋಣೆಯಲ್ಲಿ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾರೆ. ಎಷ್ಟು ತಾಳ್ಮೆಯ ದನಿ.

ಫೆಬ್ರವರಿ 21, ಬುಧವಾರ

ಎರಡು ಸೆಟ್ ಹಾಳು ಮಾಡಿದೆ. ಒಂದರಲ್ಲಿ ಕೋರೆಹಲ್ಲು ತಿರುಗುಮುರುಗು. ಲ್ಯಾಬಿನ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

ಫೆಬ್ರವರಿ 25, ಭಾನುವಾರ

ಮೊದಲು ಟೈಮ್ ಬರೆದುಬಿಡುತ್ತೇನೆ. ಅರವತ್ತೆರಡು ಪಾಯಿಂಟ್ ಒಂದು. ಕೋನ್ ಇಲ್ಲ.

ಸೆರಾಮಿಕ್ಕು ಬಿಟ್ಟು ಎಲ್ಲರೂ ಹೋದ ಮೇಲೆ ಕೋನಪ್ಪನ ಬಳಿ ಹೋದೆ. "ಅವತ್ತು ಹ್ಯಾಂಡ್‌ಬ್ರೇಕ್ ಎಳೆದಾಗ ಸದ್ದೇ ಬರಲಿಲ್ಲವಲ್ಲ, ಯಾಕೆ?"

"ಗುಂಡಿ ಒತ್ತಿ ಎಳೆದೆ, ಅದಕ್ಕೆ. ತುದಿಯಲ್ಲಿ ಗುಂಡಿ ಇದೆಯಲ್ಲ? ಒಳಗೆ ಹಲ್ಲಿನ ಪಟ್ಟಿ ಇರುತ್ತೆ. ಗುಂಡಿ ಒತ್ತಿದ್ರೆ ಆ ಹಲ್ಲಿಗೆ ತಗಲಲ್ಲ. ಎಳೀಬಹುದು, ತಕ್ಷಣ ಬಿಡಲೂಬಹುದು. ಕಲಿತವರು ಹಾಗೇ ಎಳೆಯೋದು."

"ಗುಂಡಿ ಒತ್ತದೆ ಎಳೆದರೆ?"

ಅವರು ನನ್ನ ಮುಖ ನೋಡಿದರು. ಏನೋ ಅರ್ಥವಾದ ಹಾಗೆ. ನನ್ನನ್ನು ಕಾರಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತರು. ನಿಂತ ಕಾರಿನಲ್ಲೇ, ಗುಂಡಿ ಮುಟ್ಟದೆ, ಜೋರಾಗಿ ಎಳೆದರು.

ಕರ್ರ್—

ಕೆಳಗೇನೂ ಮುರಿಯಲಿಲ್ಲ. ನನ್ನ ಮೊಣಕೈ ಪಕ್ಕದಲ್ಲೇ ಇತ್ತು ಸದ್ದು. ನಾಲ್ಕು ವರ್ಷ ಕಾರಿನಡಿ ಹುಡುಕಿದೆ.

 ಕೋನಪ್ಪ ಮೆಲ್ಲಗೆ, "ಪಕ್ಕದಲ್ಲಿ ಯಾರಿದ್ರು?"

ಕಿಟಕಿಯ ಕಡೆ ಮುಖ ತಿರುಗಿಸಿದೆ.  ಅವರೇ, "ಗಾಬರಿಯಲ್ಲಿ ಜನ ಕೈಗೆ ಸಿಕ್ಕಿದ್ದನ್ನ ಎಳೀತಾರೆ, ತಾಯಿ. ಬಸ್ಸಲ್ಲಿ ಕಂಡಕ್ಟರು ಸ್ಟೀರಿಂಗಿಗೆ ಕೈ ಹಾಕಿದ್ದೂ ನೋಡಿದೀನಿ. ಬೇಕು ಅಂತ ಮಾಡಲ್ಲ" ಎಂದರು.

ಹೌದು. ಬೇಕೆಂದು ಎಳೆದಿರಲಿಕ್ಕಿಲ್ಲ. ಅದನ್ನೇ ಜಪಿಸುತ್ತ ಬಾಗಿಲು ತೆರೆಯಲು ಹೋದೆ. ಆಗ ಹ್ಯಾಂಡ್‌ಬ್ರೇಕ್ ಕಣ್ಣಿಗೆ ಬಿತ್ತು. ಮೇಲೆ ಎದ್ದು ನಿಂತಿತ್ತು. ಹಲ್ಲಿಗೆ ಕಚ್ಚಿಕೊಂಡು ಹಾಗೇ ನಿಂತಿತ್ತು. ಯಾರಾದರೂ ಗುಂಡಿ ಒತ್ತಿ ಕೆಳಗಿಳಿಸುವ ತನಕ ಅದು ಇಳಿಯುವುದಿಲ್ಲ.

ಅವತ್ತು ಮೆಕ್ಯಾನಿಕ್ ಬಂದಾಗ ಅದು ಕೆಳಗಿತ್ತು.

ಎಳೆದದ್ದು ಗಾಬರಿಯಲ್ಲಿ. ಇಳಿಸಿದ್ದು?

ಫೆಬ್ರವರಿ 27, ಮಂಗಳವಾರ

ಅತ್ತೆಗೆ ಸ್ನಾನ ಮಾಡಿಸುವಾಗ ಸೊಂಟದ ಮೇಲಿನ ಹೊಲಿಗೆ ಗೆರೆ ನೋಡಿದೆ. ದಿನಾ ನೋಡುವುದೇ. ಇವತ್ತು ಸೋಪು ಕೈಯಿಂದ ಜಾರಿ ಬಿತ್ತು. ಅತ್ತೆ, "ಏನೇ, ಎಲ್ಲಿದೆ ನಿನ್ನ ಜ್ಞಾನ?"

ಇವರ ಮುಖ ನೋಡಲಾಗುತ್ತಿಲ್ಲ. ಇವರ ಕೈ ನೋಡುತ್ತೇನೆ. ಬೆಳಗ್ಗೆ ಕಾಫಿ ಲೋಟ ಹಿಡಿದ ಕೈ, ಪೇಪರು ಮಡಿಸುವ ಕೈ.

ಮಾರ್ಚ್ 2, ಶನಿವಾರ

ಕೇಳಿದೆ.

ಮಧ್ಯಾಹ್ನ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಅತ್ತೆ ಮಲಗಿದ್ದರು. ಇವರು ಶರ್ಟ್ ಇಸ್ತ್ರಿ ಮಾಡುತ್ತಿದ್ದರು. ಹೇಗೆ ಶುರು ಮಾಡುವುದೆಂದು ಆರು ದಿನ ಯೋಚಿಸಿದ್ದೆ. ಬಾಯಿಂದ ಬಂದದ್ದು ಬೇರೆಯೇ.

"ನಾನು ಟೈಮ್ ಬರೆಯೋಕೆ ಹೋಗ್ತಿಲ್ಲ ರೀ. ಓಡಿಸ್ತಿದೀನಿ. ಏಳು ವಾರ ಆಯ್ತು."

ಇಸ್ತ್ರಿ ಪೆಟ್ಟಿಗೆ ನಿಂತಿತು. "ನೀನಾ? ಅಷ್ಟೆಲ್ಲ ಆದ ಮೇಲೂ?"

"ಅವತ್ತು ಕಾರು ಹಿಂದಿನಿಂದ ಜಾರಿತು. ಆ ಕಾರು ಹಿಂದಿನಿಂದ ಜಾರಲ್ಲ. ಹನ್ನೊಂದು ಸಲ ನೋಡಿದೆ. ಹ್ಯಾಂಡ್‌ಬ್ರೇಕ್ ಎಳೆದ್ರೆ ಮಾತ್ರ ಜಾರುತ್ತೆ."

"ಯಾರೋ ತಲೆ ಕೆಡಿಸಿದಾರೆ ನಿಂಗೆ."

"ಸದ್ದು ಕೇಳಿದೆ. ಅದೇ ಸದ್ದು."

"ನಾಲ್ಕು ವರ್ಷದ ಹಿಂದಿನ ಸದ್ದು ಈಗ ನೆನಪಾಯ್ತಾ? ನಿನ್ನ ತಪ್ಪು ಅಂತ ನಾನು ಯಾವತ್ತಾದ್ರೂ ಎತ್ತಿ ಆಡಿದೀನಾ? ನಿನ್ನ ಪರವಾಗಿ ಅಕ್ಕನ ಹತ್ತಿರ ಜಗಳ ಆಡಿದೀನಿ. ಹೀಗೆಲ್ಲ ತಿರುಗಿಸ್ತೀಯಲ್ಲ, ಅವತ್ತು ನೀನು ನೇರ ಲಾರಿ ಕಡೆ ಹೋಗ್ತಿದ್ದೆ. ನಾನು ಎಳೀದೆ ಇದ್ದಿದ್ರೆ ಮೂರೂ ಜನ—"

ನಾಲಿಗೆ ಕಚ್ಚಿಕೊಂಡರು.

 

"ಎಳೆದ್ರಿ ಹಾಗಾದ್ರೆ."

ಇವರು ಪೆಟ್ಟಿಗೆಯನ್ನು ಶರ್ಟಿನ ಮೇಲೇ ಇಟ್ಟಿದ್ದರು. ಸುಟ್ಟ ವಾಸನೆ ಬಂತು. ಇಬ್ಬರೂ ಎತ್ತಲಿಲ್ಲ. ಕೊನೆಗೆ ನಾನೇ ಎತ್ತಿಟ್ಟೆ.

"ಎಳೆದದ್ದು ಇರಲಿ ರೀ. ಇಳಿಸಿದ್ದು ಯಾವಾಗ?"

ಇವರು ಕೂತರು. ತಲೆ ತಗ್ಗಿಸಿದರು. "ನೀನು ಅಮ್ಮನ ಬಾಗಿಲು ಎಳೀತಾ ಕಿರುಚ್ತಿದ್ದೆ… ಆಗ. ಯಾಕೆ ಇಳಿಸಿದೆ ಅಂತ ನಂಗೇ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಹೇಳಬೇಕು ಅಂದ್ಕೊಂಡೆ. ಅಷ್ಟರಲ್ಲಿ ನೀನೇ ಎಲ್ಲರ ಎದುರಿಗೆ ನನ್ನ ತಪ್ಪು, ನನ್ನ ತಪ್ಪು ಅಂತ ಅಳ್ತಿದ್ದೆ."

ನಾನು ಅಳುತ್ತಿದ್ದೆನಂತೆ. ಅದಕ್ಕೆ ಹೇಳಲಿಲ್ಲವಂತೆ.

ಮಾರ್ಚ್ 8, ಶುಕ್ರವಾರ

ಆರು ದಿನ ಪುಸ್ತಕ ತೆರೆಯಲಿಲ್ಲ. ಕಳೆದ ಭಾನುವಾರ ಅಂಗಳಕ್ಕೂ ಹೋಗಲಿಲ್ಲ. ಮಗಳ ಕೋಣೆಯಲ್ಲಿ ಮಲಗುತ್ತಿದ್ದೇನೆ. ಬೆನ್ನುನೋವು ಎಂದು ಹೇಳಿದ್ದೇನೆ. ಮಗಳು ನಂಬಿದಂತಿಲ್ಲ.

ಇವರ ಹೊಸ ಮಾತು: "ಈಗ ಎಲ್ಲರಿಗೂ ಹೇಳಿ ಏನು ಪ್ರಯೋಜನ? ಅಮ್ಮನ ಸೊಂಟ ಸರಿಹೋಗುತ್ತಾ? ನಿಂಗೆ ಗೊತ್ತಾಯ್ತಲ್ಲ, ಸಾಕು. ನಮ್ಮಿಬ್ಬರಲ್ಲೇ ಇರಲಿ."

ನನಗೆ ಕೋಪ ಬರುತ್ತಿಲ್ಲ. ಬರಬೇಕು, ಬರುತ್ತಿಲ್ಲ. ಯಾರೋ ಕಪಾಳಕ್ಕೆ ಹೊಡೆದು ಹೋದ ಮೇಲೆ ಕಿವಿ ಗುಂಯ್ ಎನ್ನುತ್ತದಲ್ಲ, ಅಷ್ಟೇ ಇದೆ.

ಮಾರ್ಚ್ 10, ಭಾನುವಾರ

ಕೋಪ ಬಂತು. ಅಂಗಳದಲ್ಲಿ.

ಐವತ್ತೊಂಬತ್ತು ಪಾಯಿಂಟ್ ಆರು, ಇದುವರೆಗಿನ ಅತಿ ವೇಗ. ಕೋನ್ ಏಳು! ಒಂದು ಕೋನ್ ಬಂಪರಿಗೆ ಸಿಕ್ಕಿಕೊಂಡು ಗೆರೆಯ ತನಕ ಬಂತು. ನೋಡುವವರು ಚಪ್ಪಾಳೆ ತಟ್ಟಿದರು.

ಕೋನಪ್ಪ ಚಪ್ಪಾಳೆ ತಟ್ಟಲಿಲ್ಲ. ಕೀ ಕಿತ್ತುಕೊಂಡರು. "ಇದು ಡ್ರೈವಿಂಗ್ ಅಲ್ಲ, ಹೊಡೆದಾಟ. ಕೈ ನೋಡಿ, ಗೆಣ್ಣು ಬೆಳ್ಳಗಾಗಿದೆ. ಬಿಗಿ ಹಿಡಿದ್ರೆ ಟೈರು ಏನು ಹೇಳ್ತಿದೆ ಅಂತ ಕೈಗೆ ಕೇಳಿಸಲ್ಲ."

"ಕೇಳಿಸಿದ್ದು ಸಾಕು" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವರು ಕೀ ವಾಪಸ್ ಕೊಡಲಿಲ್ಲ. ಥರ್ಮಾಸಿನಿಂದ ಟೀ ಬಗ್ಗಿಸಿ ಕೊಟ್ಟರು. "ಮುಂದಿನ ವಾರ ಸ್ಪರ್ಧೆ. ಹೆಸರು ಬರೆದಿದೀನಿ. ಅವತ್ತು ಯಾರನ್ನೂ ಕಾರಲ್ಲಿ ಕೂರಿಸ್ಕೊಂಡು ಬರಬೇಡಿ. ಇವತ್ತು ಬಂದಿದ್ರಲ್ಲ, ಪಕ್ಕದಲ್ಲಿ ಯಾರನ್ನೋ ಮನಸ್ಸಲ್ಲೇ ಕೂರಿಸ್ಕೊಂಡು, ಹಾಗೆ."

ಮಾರ್ಚ್ 13, ಬುಧವಾರ, ಬೆಳಗ್ಗೆ 11

ಲ್ಯಾಬಿಗೆ ಹೋಗಿಲ್ಲ. ಹೋಗಲಾಗಲಿಲ್ಲ.

ಬೆಳಗ್ಗೆ ಅತ್ತೆಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ತಲೆ ಬಾಚುತ್ತಿದ್ದೆ. ಇವರು, ಮಗಳು ಹೋಗಿಯಾಗಿತ್ತು. ಅತ್ತೆ ಇದ್ದಕ್ಕಿದ್ದಂತೆ,

"ಗೊತ್ತಾಯ್ತಾ ನಿಂಗೆ?"

"ಏನು ಅತ್ತೆ?"

"ಅವತ್ತು ನೀವಿಬ್ರೂ ಮಾತಾಡ್ತಿದ್ರಲ್ಲ, ಶರ್ಟ್ ಸುಟ್ಟ ದಿನ. ನಾನು ಮಲಗಿರಲಿಲ್ಲ."

ಬಾಚಣಿಗೆ ಕೂದಲಲ್ಲೇ ನಿಂತಿತು.

"ಅವನು ಎಳೆದದ್ದು ನಾನು ನೋಡಲಿಲ್ಲ. ಇಳಿಸಿದ್ದು ನೋಡಿದೆ. ನೋವಲ್ಲಿ ಕಣ್ಣು ಕತ್ತಲೆ ಬರ್ತಿತ್ತು. ಆದ್ರೂ ನೋಡಿದೆ. ಹಿಂದೆ ತಿರುಗಿ ನನ್ನ ನೋಡಿ, ಆಮೇಲೆ ಇಳಿಸಿದ."

 ಹಾಸಿಗೆಯ ಅಂಚಿನಲ್ಲಿ ಕೂತೆ. "ನಾಲ್ಕು ವರ್ಷ ಅತ್ತೆ."

"ಹೂಂ."

"ನಾಲ್ಕು ವರ್ಷದಿಂದ ನಿಮಗೆ ಗೊತ್ತಿತ್ತಾ?"

"ಮಗ ಅಂತ ಸುಮ್ಮನಿದ್ದೆ ಅಂದ್ಕೋಬೇಡ. ಮೊದಲು ಅದೇ. ಆಮೇಲೆ…" ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನನ್ನನ್ನ ಎತ್ತೋಳು ನೀನು, ಕೂರಿಸೋಳು ನೀನು. ಹೊತ್ತುಹೊತ್ತಿಗೆ ಒಂದು ಮಾತಿಲ್ಲದೆ ಮಾಡ್ತೀಯ. ತಪ್ಪು ನಿಂದು ಅಂತ ನೀನು ಅಂದ್ಕೊಂಡಿರೋವರೆಗೂ ಮಾಡ್ತೀಯ. ನಿಂದಲ್ಲ ಅಂತ ಗೊತ್ತಾದ ದಿನ ಬಿಟ್ಟುಬಿಟ್ರೆ? ಅವನು ಎತ್ತುತಾನಾ ನನ್ನ? ನನ್ನ ಮಗಳು ಎತ್ತುತಾಳಾ, ಅಷ್ಟು ದೂರ ಕೂತ್ಕೊಂಡು?"

 ಅತ್ತೆ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿ ಮುಗಿಸಿ, ಅರ್ಧ ಬಾಚಿದ ತಲೆಯಲ್ಲಿ ನನ್ನನ್ನು ನೋಡುತ್ತ ಕೂತರು.

ಎದ್ದು ಹೊರಗೆ ಹೋದೆ. ಬೀದಿಯ ತುದಿಯ ತನಕ ಹೋದೆ, ಚಪ್ಪಲಿಯಿಲ್ಲದೆ. ಔಷಧಿ ಅಂಗಡಿಯವನು ಏನೋ ಕೇಳಿದ. ಅಲ್ಲಿಂದ ತಿರುಗಿದೆ. ವಾಪಸ್ ಬಂದಾಗ ಅತ್ತೆ ಹಾಗೇ ಕೂತಿದ್ದರು. ತಾವಾಗಿ ಏಳಲಾರರಲ್ಲ.

ಉಳಿದರ್ಧ ತಲೆ ಬಾಚಿದೆ. ಜಡೆ ಹಾಕಿದೆ. 

ಕೊನೆಗೆ ಅತ್ತೆ, "ಬಿಟ್ಟುಹೋಗ್ತೀಯಾ?"

"ಗೊತ್ತಿಲ್ಲ ಅತ್ತೆ." ನಿಜವನ್ನೇ ಹೇಳಿದೆ. "ಹೋದ್ರೂ ನಿಮಗೆ ಒಬ್ಬರು ಎತ್ತೋರನ್ನ ಗೊತ್ತು ಮಾಡಿಯೇ ಹೋಗ್ತೀನಿ. ಆದ್ರೆ ಇನ್ನು ತಪ್ಪು ಹೊತ್ಕೊಂಡು ಎತ್ತಲ್ಲ."

ಮಾರ್ಚ್ 17, ಭಾನುವಾರ

ಬೆಳಗ್ಗೆ ಎಲ್ಲರೂ ತಿಂಡಿ ತಿನ್ನುವಾಗ ಹೇಳಿದೆ. "ಕಾರು ಓಡಿಸೋಕೆ ಹೋಗ್ತಿದೀನಿ. ಸ್ಪರ್ಧೆ ಇದೆ."

ಮಗಳ ತುತ್ತು ಕೈಯಲ್ಲೇ ಉಳಿಯಿತು. "ಅಮ್ಮ, ನೀನಾ?" ಅಪ್ಪನ ಮುಖ ನೋಡಿದಳು. ಅಪ್ಪ ತಟ್ಟೆ ನೋಡುತ್ತಿದ್ದರು. "ಬೇಡ ಅಮ್ಮ, ಪ್ಲೀಸ್. ಏನಾದ್ರೂ ಆದ್ರೆ?"

ಅವಳ ಭಯ ನಿಜವಾದದ್ದು. ಯಾರು ಹುಟ್ಟಿಸಿದ ಭಯ ಎಂಬುದು ಬೇರೆ ಮಾತು. "ಏನೂ ಆಗಲ್ಲ ಪುಟ್ಟಿ" ಎಂದು ತಲೆ ಸವರಿ ಹೊರಟೆ.

ಇಪ್ಪತ್ತಮೂರು ಜನ. ಮೂರು ಮೂರು ಸುತ್ತು, ಒಳ್ಳೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಬೆಳಗ್ಗೆ ದಾರಿಯನ್ನು ನಾಲ್ಕು ಸಲ ನಡೆದು ನೋಡಿದೆ. ಎಲ್ಲಿ ಬ್ರೇಕು, ಎಲ್ಲಿ ತಿರುವು, ಎಲ್ಲಿ ಕಣ್ಣು. ಕೋನಪ್ಪ ದೂರದಿಂದ ನೋಡುತ್ತಿದ್ದರು, ಹತ್ತಿರ ಬರಲಿಲ್ಲ.

ಮೊದಲ ಸುತ್ತು ಅರವತ್ತೊಂದು, ಎರಡು ಕೋನ್. ಎರಡನೆಯದು ಅರವತ್ತು, ಒಂದು. ಕೈ ಮತ್ತೆ ಬಿಗಿ. ಪಕ್ಕದ ಸೀಟು ಖಾಲಿ, ಆದರೂ ಖಾಲಿಯಲ್ಲ.

ಮೂರನೆಯದಕ್ಕೆ ಮುಂಚೆ ಕಿಟಕಿಯಿಳಿಸಿ ಉಸಿರು ಬಿಟ್ಟೆ. ಬಾವುಟ ಬಿತ್ತು.

ಮೊದಲ ತಿರುವಿಗೆ ಮುಂಚೆ ನೇರದಲ್ಲೇ ಬ್ರೇಕು. ಬಿಟ್ಟೆ. ತಿರುಗಿತು. ಸಾಲು ಕೋನ್‌ಗಳ ನಡುವೆ ಹೊಲಿಗೆ ಹಾಕಿದ ಹಾಗೆ ಹೋಯಿತು. ಆ ಕಡೆ, ಈ ಕಡೆ, ಆ ಕಡೆ. ಕಣ್ಣು ಮುಂದಿನ ಖಾಲಿ ಜಾಗದಲ್ಲಿ. ದೊಡ್ಡ ತಿರುವಿನಲ್ಲಿ ಮೂಗು ಹೊರಕ್ಕೆ ಸರಿಯತೊಡಗಿತು. ಅವತ್ತು ಸೇತುವೆ ಹತ್ತಿರ ಸರಿದಷ್ಟೇ. ಕಾಲು ಒಂದು ಕೂದಲೆಳೆಯಷ್ಟು ಎತ್ತಿದೆ. ಸ್ಟೀರಿಂಗ್ ಕೂದಲೆಳೆಯಷ್ಟು ಬಿಟ್ಟೆ. ಹಿಡಿದುಕೊಂಡಿತು.

ಅಷ್ಟೇ ಸಾಕಿತ್ತು. ಅವತ್ತೂ ಅಷ್ಟೇ ಸಾಕಿತ್ತು. ಪಕ್ಕದವರು ಸುಮ್ಮನಿದ್ದಿದ್ದರೆ ಕಾರು ತಾನೇ ಹಿಡಿದುಕೊಳ್ಳುತ್ತಿತ್ತೇನೋ.

ಐವತ್ತೇಳು ಪಾಯಿಂಟ್ ಒಂಬತ್ತು. ಒಂದೂ ಕೋನ್ ಇಲ್ಲ. ಒಂಬತ್ತನೇ ಸ್ಥಾನ, ಇಪ್ಪತ್ತಮೂರರಲ್ಲಿ. ಸೆರಾಮಿಕ್ಕು ಹನ್ನೆರಡನೆಯವಳು. ನನ್ನ ಬೆನ್ನಿಗೆ ಗುದ್ದಿ, "ನನ್ನ ಕಾರಲ್ಲೇ ನನ್ನ ಸೋಲಿಸಿಬಿಟ್ರಲ್ಲ ಅಕ್ಕಾ!" ಎಂದು ಕಿರುಚಿದಳು. ಕೋನಪ್ಪ ಟೈಮ್ ಚೀಟಿಯನ್ನು ಕೈಗಿಟ್ಟು, "ಕೋಣ ಓಡಿಸೋರಿಗೂ ಕೋನ ಬಿಟ್ಟು ಓಡಿಸೋರಿಗೂ ಇಷ್ಟೇ ವ್ಯತ್ಯಾಸ" ಎಂದರು. ಕಣ್ಣು ಒರೆಸಿಕೊಂಡರು. ಧೂಳಂತೆ.

ನಗು ಬಂತು. ಅಂಗಳದಲ್ಲಿ ನಿಂತು ಜೋರಾಗಿ ನಕ್ಕೆ. ಆಮೇಲೆ ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಮನೆಗೆ ಬಂದು ಇವರಿಗೆ ಹೇಳಿದೆ. "ನಾಳೆ ಸಂಜೆ ಆರಕ್ಕೆ ಅಕ್ಕನಿಗೆ ಫೋನ್ ಮಾಡಿ. ಸ್ಪೀಕರಿಗೆ ಹಾಕಿ. ಮಗಳು ಇರಬೇಕು. ನೀವು ಹೇಳದಿದ್ರೆ ಅತ್ತೆ ಹೇಳ್ತಾರೆ."

"ಅಮ್ಮನಾ? ಅಮ್ಮನಿಗೆ ಏನು ಗೊತ್ತು?"

"ನೀವು ಇಳಿಸಿದ್ದು ನೋಡಿದಾರೆ" ಎಂದೆ. ಇವರ ಮುಖದ ಬಣ್ಣ ಹೋದದ್ದು ನೋಡಿದೆ. ನಾಲ್ಕು ವರ್ಷ ತಾಯಿಯ ಕಾಲ ಬಳಿ ಕೂತು ಮಾತ್ರೆ ಕೊಟ್ಟಿದ್ದರು. ತಾಯಿ ಕಂಡಿದ್ದಾರೆಂದು ಇವರಿಗೂ ಗೊತ್ತಿರಲಿಲ್ಲ. ಅತ್ತೆಯ ಕೋಣೆಯ ಬಾಗಿಲ ತನಕ ಹೋದರು. ಒಳಗೆ ಹೋಗಲಿಲ್ಲ.

ಮಾರ್ಚ್ 18, ಸೋಮವಾರ, ಸಂಜೆ 6.10

ಅಡುಗೆಮನೆಯ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಎದುರು ನಿಂತರೆ ಇವರು ನನ್ನ ಮುಖ ನೋಡಿಕೊಂಡು ಹೇಳುತ್ತಾರೆ. ಅದು ನನಗೆ ಹೇಳಿದಂತೆ. ಹೇಳಬೇಕಾದದ್ದು ಅಕ್ಕನಿಗೆ, ಮಗಳಿಗೆ. ಬಾಗಿಲು ತೆರೆದೇ ಇದೆ. ಹಾಲಿನಲ್ಲಿ ಅತ್ತೆ ಕುರ್ಚಿಯಲ್ಲಿ, ಮಗಳು ಸೋಫಾದ ಕೈ ಮೇಲೆ.

ರಿಂಗ್ ಆಗುತ್ತಿದೆ.

ಅತ್ತಿಗೆಯ ದನಿ: "ಏನೋ, ಸೋಮವಾರ ಮಾಡಿದೀಯ? ಅಮ್ಮ ಹುಷಾರಾ?"

"ಹುಷಾರು. ಅಕ್ಕಾ, ಅವತ್ತು ಕಾರಲ್ಲಿ…" ನಿಲ್ಲಿಸಿದರು.

"ಯಾವತ್ತು?"

 

ಅತ್ತೆ: "ಮುಂದೆ ಹೇಳೋ."

"ಅವತ್ತು ಕಾರು ತಿರುಗಿಸಿದ್ದು ಅವಳಲ್ಲ. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಅದಕ್ಕೆ ತಿರುಗಿತು. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಇಳಿಸಿದೆ. ನಾನೇ. ಎರಡೂ ನಾನೇ."

ಹೇಳಿದರು. ನಿಜವಾಗಿ ಹೇಳಿದರು. ಹೇಳುವುದಿಲ್ಲ ಎಂದೇ ಅಂದುಕೊಂಡಿದ್ದೆ.

ಮಗಳು ಎದ್ದು ನಿಂತ ಸದ್ದು. "ಅಪ್ಪಾ?" ಇನ್ನೇನೂ ಇಲ್ಲ, ಅದೊಂದೇ ಮಾತು. ಆ ದನಿ ನಾನು ಕೇಳಿಲ್ಲ ಇದುವರೆಗೆ.

ಅತ್ತಿಗೆ ಮಾತಾಡುತ್ತಿಲ್ಲ. ಫೋನ್ ಕಟ್ಟಾಯಿತೇನೋ. ಇಲ್ಲ, ಉಸಿರು ಕೇಳುತ್ತಿದೆ. ಅತ್ತೆ ಏನೋ ಹೇಳಲು ಹೋದರು, ಅತ್ತಿಗೆ "ಅಮ್ಮ, ನೀನು ಸುಮ್ಮನಿರು" ಎಂದಳು.



"ಅವಳೆಲ್ಲಿ?" ಅತ್ತಿಗೆಯ ದನಿ ಒಡೆದಿದೆ. "ಅವಳಿಗೆ ಕೊಡು ಫೋನು. ನಿಂಗಲ್ಲ, ನಿನ್ನ ಹತ್ತಿರ ಆಮೇಲೆ. ಅವಳಿಗೆ ಕೊಡು."

 ನಾಲ್ಕು ವರ್ಷದಿಂದ ಮನಸ್ಸಿನಲ್ಲಿ ಎಷ್ಟು ಉತ್ತರ ಕಟ್ಟಿಟ್ಟಿದ್ದೆ, ಒಂದೂ ನೆನಪಿಗೆ ಬರುತ್ತಿಲ್ಲ. ಮಗಳು ಫೋನ್ ಹಿಡಿದುಕೊಂಡು ಈ ಕಡೆಗೇ ಬರುತ್ತಿದ್ದಾಳೆ, ಅವಳ ಮುಖ ನೋಡಬೇಕು. ಪೆನ್ನು ಇಡುತ್ತೇನೆ.